ಜಾತ್ರೆಯ ಅಂಗಡಿಯಿಂದ ಪರದೇಶದ ಪ್ರದರ್ಶನಕ್ಕೆ

ವ್ಯಾಪಾರಸ್ಥನಿಗೆ ಎರಡು ಬಗೆಯ ದಾರಿಗಳುಂಟು. ಗಿರಾಕಿಯು ತನ್ನ ಅಂಗಡಿಗೆ ಬರಲೆಂದು ಗಾದಿಯ ಮೇಲೆ ಕುಳಿತು ಕಾಯುವುದು ಮೊದಲನೆಯದು. ಜನ ಕೂಡುವ ಕಡೆಗೆ ತನ್ನ ಸರಕನ್ನು ತಾನೇ ಹೊತ್ತುಕೊಂಡು ಹೋಗುವುದು ಎರಡನೆಯದು. ಮೊದಲನೆಯ ದಾರಿಯಲ್ಲಿ ನೆರಳುಂಟು. ಎರಡನೆಯದರಲ್ಲಿ ಬಿಸಿಲು, ಮಳೆ, ಧೂಳುಗಳುಂಟು. ಆದರೂ ನಾಡುನಾಡುಗಳ ನಡುವೆ ನಂಟು ಬೆಸೆದುದು, ಸಣ್ಣ ಕಾಯಕದವನ ಕೈಗೆ ನಾಲ್ಕು ಕಾಸು ಕೂಡಿಬಂದುದು ಬಹುಮಟ್ಟಿಗೆ ಎರಡನೆಯ ದಾರಿಯಿಂದಲೇ ಎಂಬುದನ್ನು ಚರಿತ್ರೆಯನ್ನು ಬಲ್ಲವರೆಲ್ಲ ಒಪ್ಪುವರು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಜನರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಬೈಲಹೊಂಗಲವು ಎರೆಭೂಮಿಯ ಹತ್ತಿಗೆ ಹೆಸರಾದ ಪೇಟೆ. ಕಿತ್ತೂರು ಬೆಳಗಾವಿ ಧಾರವಾಡಗಳ ನಡುವಣ ಹೆದ್ದಾರಿಯ ಊರು. 1824ರ ಅಕ್ಟೋಬರ್ 23ರ ವಿಜಯದ ನೆನಪಿಗಾಗಿ ಅಲ್ಲಿ ವರ್ಷವರ್ಷವೂ ಉತ್ಸವ ನಡೆಯುತ್ತದೆ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಕರ್ನಾಟಕದಿಂದಷ್ಟೇ ಅಲ್ಲ, ಮಹಾರಾಷ್ಟ್ರ, ಗೋವೆ, ತೆಲುಗು ನಾಡುಗಳಿಂದಲೂ ಭಕ್ತರು ಬರುವರು. ರಾಮದುರ್ಗವು ನೇಕಾರರ ಊರು. ಆ ತಾಲೂಕಿನ ಗೊಡಚಿಯಲ್ಲಿ ಮಾರ್ಗಶಿರ ಮಾಸದಲ್ಲಿ ವೀರಭದ್ರೇಶ್ವರನ ಜಾತ್ರೆ ಕೂಡುತ್ತದೆ. ಈ ಸೀಮೆಯ ಬಳೆಗಾರ, ಬೆಂಡು ಬತ್ತಾಸಿನವ, ಪಾತ್ರೆಯವ, ಕಂಬಳಿಯವ, ಬಟ್ಟೆಯವ ಇವರೆಲ್ಲ ವರ್ಷದ ಅರ್ಧ ಕಾಲವನ್ನು ಜಾತ್ರೆಯಿಂದ ಜಾತ್ರೆಗೆ ಸಾಗುತ್ತಲೇ ಕಳೆದವರು.

ಇಂಥ ಮನೆತನಗಳ ತರುಣರು ಈಗ ಬೇರೊಂದು ಬಗೆಯ ಜಾತ್ರೆಯ ಮಾತನ್ನಾಡುತ್ತಿರುವರು. ಫ್ರಾಂಕ್‌ಫರ್ಟ್, ಮಿಲಾನ್, ಬಾಸೆಲ್, ಲಂಡನ್ ಎಂಬ ಹೆಸರುಗಳು ನಮ್ಮ ಪಡಸಾಲೆಗಳಲ್ಲಿ ಕೇಳಿಬರುತ್ತಿವೆ. “ಅಲ್ಲಿ ವಸ್ತುಪ್ರದರ್ಶನ ಕೂಡುತ್ತದಂತೆ, ಒಮ್ಮೆ ಹೋಗಿ ಬಂದರೆ ನಮ್ಮ ಬಟ್ಟೆಗೆ ಪರದೇಶದ ಗಿರಾಕಿ ಸಿಗುವನಂತೆ” ಎಂದು ಮಗ ಹೇಳುವಾಗ ತಂದೆತಾಯಿಗಳಿಗೆ ಹೆಮ್ಮೆಯೂ ಅಂಜಿಕೆಯೂ ಒಟ್ಟಿಗೆ ಆಗುವುದು ಸಹಜ. ಹೋಗುವ ಖರ್ಚಿಗೆ ಮನೆಯ ಬಂಗಾರವನ್ನು ಒತ್ತೆಯಿಡಬೇಕಾಗಬಹುದು, ಹೊಲದ ಮೇಲೆ ಸಾಲ ತೆಗೆಯಬೇಕಾಗಬಹುದು. ಆದಕಾರಣ ಯುರೋಪಿನ ಹಲವು ದೇಶಗಳಲ್ಲಿ ಪ್ರದರ್ಶನ ಹೂಡುವುದೆಂದರೆ ಏನು, ಅದರ ತೊಡಕುಗಳು ಎಂಥವು ಎಂಬುದನ್ನು ನಾವು ಬಲ್ಲ ಜಾತ್ರೆಯ ಅನುಭವದ ಬೆಳಕಿನಲ್ಲಿಯೇ ಇಲ್ಲಿ ವಿವರಿಸಲು ಯತ್ನಿಸಲಾಗಿದೆ.

ಜಾತ್ರೆ ಮತ್ತು ಮೆಸ್ಸೆ

ನಮ್ಮ ‘ಜಾತ್ರೆ’ ಎಂಬ ಮಾತು ಸಂಸ್ಕೃತದ ‘ಯಾತ್ರಾ’ ಶಬ್ದದಿಂದ ಬಂದುದು. ದೇವರ ದರ್ಶನಕ್ಕೆ ಜನ ಕೂಡಿದರು, ಕೂಡಿದ ಜನರಿಗೆ ಅಕ್ಕಿ ಬೇಳೆ, ಬಳೆ ಕುಂಕುಮ ಬೇಕಾದವು, ಅಂಗಡಿಗಳು ಬಂದವು. ಜರ್ಮನಿಯಲ್ಲಿ ವ್ಯಾಪಾರದ ಪ್ರದರ್ಶನಕ್ಕೆ ‘ಮೆಸ್ಸೆ’ ಎನ್ನುವರು. ಅದು ಇಗರ್ಜಿಯ ಪೂಜಾವಿಧಿಗೆ ಸಲ್ಲುವ ‘ಮಿಸ್ಸಾ’ ಎಂಬ ಲ್ಯಾಟಿನ್ ಶಬ್ದದಿಂದ ಹುಟ್ಟಿದ ಮಾತು. ಅಲ್ಲಿಯೂ ಸಂತರ ಹಬ್ಬದ ದಿನ ಪೂಜೆಗೆ ಜನ ಸೇರಿದರು, ಇಗರ್ಜಿಯ ಅಂಗಳದಲ್ಲಿ ಪೇಟೆ ಕೂಡಿತು. ಸಾವಿರಾರು ಹರದಾರಿ ಅಂತರದ ಎರಡು ನಾಡುಗಳಲ್ಲಿ ಮನುಷ್ಯನು ಒಂದೇ ರೀತಿ ನಡೆದುಕೊಂಡನೆಂಬುದು ಗಮನಿಸತಕ್ಕ ವಿಷಯ.

ನಮ್ಮಲ್ಲಿ ಬಸವಾದಿ ಶರಣರು ಬಾಳಿದ 12ನೆಯ ಶತಮಾನದಲ್ಲಿಯೇ ಫ್ರಾನ್ಸಿನ ಶಾಂಪೇನ್ ಪ್ರಾಂತದಲ್ಲಿ ದೊಡ್ಡ ಜಾತ್ರೆಗಳು ಬೆಳೆದವು. ತ್ರುವಾ, ಪ್ರೊವಾಂ, ಲಾನಿ, ಬಾರ್ ಎಂಬ 4 ಊರುಗಳಲ್ಲಿ ವರ್ಷಕ್ಕೆ 6 ಜಾತ್ರೆಗಳು ಸರದಿಯಂತೆ ಕೂಡುತ್ತಿದ್ದವು. ಒಂದು ಮುಗಿಯಿತೆಂದರೆ ಇನ್ನೊಂದು. ಇಟಲಿಯ ವರ್ತಕರು ರೇಷ್ಮೆ, ಮೆಣಸುಗಳನ್ನೂ ಉತ್ತರದವರು ಉಣ್ಣೆಯ ಬಟ್ಟೆಗಳನ್ನೂ ತಂದು ಅಲ್ಲಿ ಕೂಡಿಕೊಳ್ಳುತ್ತಿದ್ದರು. ಒಂದು ಜಾತ್ರೆಯಲ್ಲಿ ಕೊಂಡ ಸರಕಿನ ಹಣವನ್ನು ಮುಂದಿನ ಜಾತ್ರೆಯಲ್ಲಿ ಸಲ್ಲಿಸುವೆನೆಂಬ ಬರಹವು ನಮ್ಮ ಹುಂಡಿಯಂತೆಯೇ ಕೈಯಿಂದ ಕೈಗೆ ನಡೆಯುತ್ತಿತ್ತು.

ಇದೆಲ್ಲಕ್ಕೂ ತಳಹದಿಯಾದುದು ಒಂದೇ ಸಂಗತಿ. ಶಾಂಪೇನಿನ ದೊರೆಗಳು ಜಾತ್ರೆಗೆ ಬರುವ ಹೋಗುವ ವರ್ತಕನ ಜೀವಕ್ಕೂ ಸರಕಿಗೂ ಅಭಯವಿತ್ತರು. ಜಾತ್ರೆಗೆಂದೇ ನೇಮಿಸಿದ ಅಧಿಕಾರಿಗಳು ವ್ಯಾಜ್ಯಗಳನ್ನು ಅಲ್ಲಿಯೇ ತೀರಿಸುತ್ತಿದ್ದರು. ಸಾಲ ತೀರಿಸದೆ ಓಡಿದ ವರ್ತಕನ ಊರಿನವರನ್ನೆಲ್ಲ ಜಾತ್ರೆಯಿಂದ ಹೊರಗಿಡುವ ಅಧಿಕಾರವೂ ಅವರಿಗಿತ್ತು. ಒಬ್ಬನ ಮೋಸದಿಂದ ಊರಿಗೆಲ್ಲ ಕಳಂಕ ತಗಲುತ್ತಿದ್ದುದರಿಂದ ಊರೇ ತನ್ನವರನ್ನು ಹದ್ದಿನಲ್ಲಿಡುತ್ತಿತ್ತು. ಮುಂದೆ 1285ರ ವೇಳೆಗೆ ಆ ಪ್ರಾಂತವು ಫ್ರಾನ್ಸಿನ ಅರಸನ ಕೈಸೇರಿತು. ತೆರಿಗೆಗಳು ಏರಿದವು, ಯುದ್ಧಗಳು ನಡೆದವು, ಜಿನೋವಾದ ಹಡಗುಗಳು ಸಮುದ್ರದ ದಾರಿಯಿಂದಲೇ ಉತ್ತರಕ್ಕೆ ಹೋಗತೊಡಗಿದವು. ಶಾಂಪೇನಿನ ಜಾತ್ರೆಗಳು ಸೊರಗಿದವು. ಅಭಯ ತಪ್ಪಿದ ಕಡೆ ವ್ಯಾಪಾರ ನಿಲ್ಲದೆಂಬುದಕ್ಕೆ ಇದು ಹಳೆಯ ನಿದರ್ಶನ. ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಜಾತ್ರೆಗೆ 1240ರಲ್ಲಿ ಚಕ್ರವರ್ತಿ ಎರಡನೆಯ ಫ್ರೆಡರಿಕನು, ಲೈಪ್‌ಜಿಗ್ ನಗರದ ಜಾತ್ರೆಗೆ 1497ರಲ್ಲಿ ಮ್ಯಾಕ್ಸಿಮಿಲಿಯನ್ ದೊರೆಯು ಇಂಥ ಅಭಯದ ಸನ್ನದುಗಳನ್ನು ಕೊಟ್ಟಿದ್ದರು. ಇಂದಿಗೂ ಆ ಎರಡೂ ನಗರಗಳು ಪ್ರದರ್ಶನಗಳಿಗೆ ಹೆಸರಾಗಿವೆ.

ನಮ್ಮ ನಾಡು ಈ ವಿದ್ಯೆಯಲ್ಲಿ ಹಿಂದುಳಿದಿರಲಿಲ್ಲ. ಸವದತ್ತಿಯನ್ನು ರಾಜಧಾನಿಯಾಗಿ ಉಳ್ಳ ರಟ್ಟರು ಮುಂದೆ ಬೆಳಗಾವಿಯಿಂದ ಆಳಿದ ಕಾಲದ, 13ನೆಯ ಶತಮಾನದ ಆರಂಭದ ಬೆಳಗಾವಿಯ ಶಾಸನದಲ್ಲಿ ಲಾಳ ದೇಶದ, ಅಂದರೆ ಗುಜರಾತದ, ಹಾಗೂ ಮಲೆಯಾಳ ದೇಶದ ವರ್ತಕರ ಉಲ್ಲೇಖವಿದೆ. ಮಲಪ್ರಭೆಯ ದಂಡೆಯ ಐಹೊಳೆಯಿಂದ ಹೆಸರು ಪಡೆದ ಅಯ್ಯಾವೊಳೆ ಐನೂರ್ವರ ಸಂಘವು ದಕ್ಷಿಣ ಭಾರತವನ್ನೆಲ್ಲ ವ್ಯಾಪಿಸಿ, ಸಮುದ್ರದಾಚೆಯ ಸುಮಾತ್ರಾದಲ್ಲಿ 1088ರಲ್ಲಿ ಶಾಸನ ಹಾಕಿಸುವಷ್ಟು ದೂರ ಸಾಗಿತ್ತು. ಸವದತ್ತಿ ರಾಮದುರ್ಗಗಳ ಸೀಮೆಯೂ ಅದೇ ನದಿಯ ನೀರನ್ನು ಉಂಡು ಬೆಳೆದುದು.

ನಮ್ಮಲ್ಲಿಯೂ ಗಡಿಗಳಿದ್ದವು

ಯುರೋಪಿನ ದೇಶಗಳ ಗಡಿಗಳನ್ನು ಕಂಡು ಬೆರಗಾಗುವ ತರುಣರು ತಮ್ಮ ತಾತನ ಕಾಲವನ್ನು ಒಮ್ಮೆ ನೆನೆಯುವುದೊಳಿತು. ಸವದತ್ತಿಯು ಬ್ರಿಟಿಷರ ಬೆಳಗಾವಿ ಜಿಲ್ಲೆಯ ಪರಸಗಡ ತಾಲೂಕಿನ ಠಾಣ್ಯ. ಬೈಲಹೊಂಗಲ, ಕಿತ್ತೂರುಗಳು ಅದೇ ಜಿಲ್ಲೆಯ ಸಂಪಗಾವ ತಾಲೂಕಿಗೆ ಸೇರಿದವು. ರಾಮದುರ್ಗವಾದರೋ ಭಾವೆ ಮನೆತನದ ಪ್ರತ್ಯೇಕ ಸಂಸ್ಥಾನ. ಅದರ ನೆರೆಯ ತೊರಗಲ್ಲು ಕೊಲ್ಲಾಪುರದ ಆಶ್ರಯದ ಜಹಗೀರು. ಇತ್ತ ಮುಧೋಳ, ಜಮಖಂಡಿ. ಅತ್ತ ಸಾಂಗಲಿಗೆ ಸೇರಿದ ಶಹಾಪುರ. ಎತ್ತಿನ ಬಂಡಿಯ ಕೆಲವೇ ದಿನಗಳ ಪಯಣದಲ್ಲಿ ವರ್ತಕನು ಹಲವು ದೊರೆಗಳ ಸೀಮೆಯನ್ನು ದಾಟಬೇಕಾಗಿತ್ತು.

ನಾಣ್ಯವೂ ಒಂದಿರಲಿಲ್ಲ. 19ನೆಯ ಶತಮಾನದ ಮೊದಲ ಭಾಗದಲ್ಲಿ ಬಾಗಲಕೋಟೆಯ ಟಂಕಸಾಲೆಯ ಮಲ್ಹಾರಶಾಹಿ ರೂಪಾಯಿ, ಶಹಾಪುರದ ರೂಪಾಯಿ ಹೀಗೆ ಬೇರೆ ಬೇರೆ ಬೆಲೆಯ ನಾಣ್ಯಗಳು ಪೇಟೆಯಲ್ಲಿ ನಡೆಯುತ್ತಿದ್ದವು. ಅವುಗಳ ಬೆಳ್ಳಿಯನ್ನು ಪರೀಕ್ಷಿಸಿ ವಟಾವು ಮುರಿದುಕೊಂಡು ಬದಲಿಸಿಕೊಡುವುದೇ ಸರಾಫರ ಕಾಯಕ. ಸೇರೆಂದರೆ ಎಲ್ಲ ಊರಿನಲ್ಲಿಯೂ ಒಂದೇ ಸೇರಲ್ಲ. ಮಣವೆಂದರೆ ಎಲ್ಲ ಪೇಟೆಯಲ್ಲಿಯೂ ಒಂದೇ ತೂಕವಲ್ಲ.

ಈ ಅಡಚಣೆಗಳು ಒಂದೇ ದಿನಕ್ಕೆ ಕಳೆಯಲಿಲ್ಲ. 1948ರಲ್ಲಿ ರಾಮದುರ್ಗ ಮೊದಲಾದ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರ ನವೆಂಬರ್ 1ರಂದು ನಾಲ್ಕೂ ಊರುಗಳು ಏಕೀಕೃತ ಕನ್ನಡ ನಾಡಿಗೆ ಸೇರಿದವು. 1957ರಲ್ಲಿ ಆಣೆ ಪೈಗಳು ಹೋಗಿ ನಯೇ ಪೈಸೆ ಬಂದಿತು. ಮುಂದಿನ ಐದಾರು ವರ್ಷಗಳಲ್ಲಿ ಸೇರು ಮಣಗಳು ಹೋಗಿ ಕಿಲೋಗ್ರಾಮು ಬಂದಿತು. 1979ರಲ್ಲಿ ಊರ ಬಾಗಿಲಿನ ಜಕಾತಿ ನಾಕೆಗಳು ಕರ್ನಾಟಕದಲ್ಲಿ ರದ್ದಾದವು. 2017ರ ಜುಲೈ 1ರಿಂದ ದೇಶಕ್ಕೆಲ್ಲ ಒಂದೇ ಸರಕು ಸೇವಾ ತೆರಿಗೆಯಾಯಿತು. ಎಲ್ಲಮ್ಮನ ಗುಡ್ಡಕ್ಕೆ ಬರುವ ಕೊಲ್ಲಾಪುರದ ಪಾತ್ರೆಯ ವ್ಯಾಪಾರಿಯು ಇಂದು ಯಾವ ಗಡಿಯಲ್ಲಿಯೂ ಸುಂಕ ಕಟ್ಟದೆ ಬರುವುದಾದರೆ, ಅದರ ಹಿಂದೆ 70 ವರ್ಷಗಳ ಪ್ರಯತ್ನವಿದೆ.

ಒಂದು ಗಂಟಿನ ಪಯಣ

ಯುರೋಪಿನವರೂ ಇದೇ ಹಾದಿಯಲ್ಲಿ ನಡೆದರು. 1993ರ ಜನವರಿ 1ರಂದು ಯುರೋಪಿನ ಒಕ್ಕೂಟದ ದೇಶಗಳು ಒಂದೇ ಪೇಟೆಯಾದವು. 1995ರಲ್ಲಿ ಷೆಂಗೆನ್ ಒಪ್ಪಂದದಂತೆ ಹಲವು ದೇಶಗಳ ನಡುವಣ ಗಡಿ ತಪಾಸಣೆ ನಿಂತಿತು. 2002ರಲ್ಲಿ ಯುರೋ ನೋಟುಗಳೂ ನಾಣ್ಯಗಳೂ ಚಲಾವಣೆಗೆ ಬಂದವು. ಇದನ್ನು ಕೇಳಿ “ಯುರೋಪೆಲ್ಲ ಒಂದೇ ದೇಶ” ಎಂದು ತಿಳಿದು ಹೊರಡುವವನೇ ಮೋಸ ಹೋಗುವನು. ಅದು ಹೇಗೆಂಬುದನ್ನು ಒಂದು ಉದಾಹರಣೆಯಿಂದ ನೋಡೋಣ.

ರಾಮದುರ್ಗದ ಒಬ್ಬ ನೇಕಾರನು ತನ್ನ ಕೈಮಗ್ಗದ ಬಟ್ಟೆಯ ಒಂದು ಗಂಟನ್ನು ಕಟ್ಟಿಕೊಂಡು ಫ್ರಾಂಕ್‌ಫರ್ಟ್, ಬಾಸೆಲ್, ಮಿಲಾನ್, ಲಂಡನ್ ಈ ನಾಲ್ಕು ಕಡೆ ಪ್ರದರ್ಶಿಸಿ ಮರಳಿ ಬರುವನೆಂದು ಭಾವಿಸೋಣ. ಜರ್ಮನಿ, ಇಟಲಿಗಳು ಒಕ್ಕೂಟದೊಳಗಿನ ದೇಶಗಳು. ಬಾಸೆಲ್ ಇರುವ ಸ್ವಿಟ್ಜರ್ಲೆಂಡು ಒಕ್ಕೂಟದ ಹೊರಗಿನದು. ಬ್ರಿಟನ್ನು 2020ರ ಜನವರಿ 31ರಂದು ಒಕ್ಕೂಟವನ್ನು ಬಿಟ್ಟಿತು. 2021ರ ಆರಂಭದಿಂದ ಅದರ ಸುಂಕದ ಗಡಿಯೂ ಬೇರೆಯಾಯಿತು.

ಪ್ರದರ್ಶನಕ್ಕೆ ತಂದು ಮರಳಿ ಒಯ್ಯುವ ಸರಕಿಗೆ ಸುಂಕ ಬೀಳದಂತೆ 1961ರಲ್ಲಿ ಒಂದು ಅಂತಾರಾಷ್ಟ್ರೀಯ ಒಪ್ಪಂದವಾಯಿತು. ಅದರಂತೆ ‘ಎ.ಟಿ.ಎ. ಕಾರ್ನೆ’ ಎಂಬ ಪುಸ್ತಿಕೆಯೊಂದುಂಟು. ಸರಕಿನ ಪಾಸ್‌ಪೋರ್ಟೆಂದು ಅದನ್ನು ಕರೆಯಬಹುದು. ಭಾರತದಲ್ಲಿ ಫಿಕ್ಕಿ ಎಂಬ ವಾಣಿಜ್ಯ ಮಹಾಮಂಡಳವು ಭದ್ರತೆ ಪಡೆದುಕೊಂಡು ಅದನ್ನು ಕೊಡುತ್ತದೆ. ಅದರ ಅವಧಿ ಹೆಚ್ಚೆಂದರೆ ಒಂದು ವರ್ಷ. ಈಗ ನಮ್ಮ ನೇಕಾರನ ಗಂಟಿಗೆ ಬೀಳುವ ಮುದ್ರೆಗಳನ್ನು ಎಣಿಸೋಣ. ಭಾರತದಿಂದ ಹೊರಡುವಾಗ ಒಂದು, ಒಕ್ಕೂಟವನ್ನು ಹೊಗುವಾಗ, ಬಿಡುವಾಗ ಎರಡು, ಸ್ವಿಟ್ಜರ್ಲೆಂಡಿನಲ್ಲಿ ಎರಡು, ಇಟಲಿಗೆಂದು ಮತ್ತೆ ಒಕ್ಕೂಟಕ್ಕೆ ಬಂದು ಹೊರಬೀಳಲು ಎರಡು, ಬ್ರಿಟನ್ನಿನಲ್ಲಿ ಎರಡು, ಭಾರತಕ್ಕೆ ಮರಳಿದಾಗ ಒಂದು. ಒಟ್ಟು 10 ಮುದ್ರೆಗಳು. ಇವುಗಳಲ್ಲಿ ಹೊರಬಿದ್ದ ಮುದ್ರೆ ಒಂದು ತಪ್ಪಿದರೂ ಸರಕು ಅಲ್ಲಿಯೇ ಮಾರಾಟವಾಯಿತೆಂದು ಬಗೆದು ಆ ದೇಶದವರು ಸುಂಕ ಕೇಳಬಹುದು. ಅದೇ ನೇಕಾರನು ಫ್ರಾಂಕ್‌ಫರ್ಟಿನಿಂದ ಆಸ್ಟ್ರಿಯಾದ ಮಾರ್ಗವಾಗಿ ನೇರ ಮಿಲಾನಿಗೆ ಹೋಗಿ, ಬಾಸೆಲನ್ನು ಆಮೇಲೆ ಇಟ್ಟುಕೊಂಡರೆ ಎರಡು ಮುದ್ರೆಗಳ ಕೆಲಸ ಉಳಿಯುತ್ತದೆ. ಊರುಗಳ ಸರದಿಯನ್ನು ಹೂಡುವುದರಲ್ಲಿಯೇ ಅರ್ಧ ಜಾಣತನವಿದೆ.

ಸರಕಿನದಾಯಿತು, ಮನುಷ್ಯನದು? ಷೆಂಗೆನ್ ವೀಸಾ ಒಂದರಿಂದ ಜರ್ಮನಿ, ಸ್ವಿಟ್ಜರ್ಲೆಂಡ್, ಇಟಲಿ ಮೂರಕ್ಕೂ ಹೋಗಬಹುದು. ಆದರೆ ಯಾವುದೇ 180 ದಿನಗಳಲ್ಲಿ 90 ದಿನಕ್ಕೆ ಮೀರಿ ಇರುವಂತಿಲ್ಲ. ಬ್ರಿಟನ್ನಿಗೆ ಬೇರೆಯೇ ವೀಸಾ. ಹಣವಾದರೋ ಯುರೋ, ಸ್ವಿಸ್ ಫ್ರಾಂಕು, ಪೌಂಡು ಎಂದು ಮೂರು ಬಗೆ. ಹಳೆಯ ಸರಾಫನ ವಟಾವು ಇಲ್ಲಿಯೂ ತಪ್ಪದು. ಬ್ಯಾಂಕು ಅದನ್ನು ಬೇರೆ ಹೆಸರಿನಿಂದ ಮುರಿದುಕೊಳ್ಳುತ್ತದೆ. ಮೌಲ್ಯವರ್ಧಿತ ತೆರಿಗೆಯ ಸಾಮಾನ್ಯ ದರವು ಜರ್ಮನಿಯಲ್ಲಿ ನೂರಕ್ಕೆ 19, ಇಟಲಿಯಲ್ಲಿ 22, ಬ್ರಿಟನ್ನಿನಲ್ಲಿ 20, ಸ್ವಿಟ್ಜರ್ಲೆಂಡಿನಲ್ಲಿ 2024ರಿಂದ 8.1.

ಇನ್ನು ಸಣ್ಣವೆಂದು ತೋರಿ ದೊಡ್ಡ ನಷ್ಟ ತರುವ ಸಂಗತಿಗಳು. ಜರ್ಮನಿಯ ರಸ್ತೆಗಳಲ್ಲಿ ರವಿವಾರ ಮತ್ತು ಹಬ್ಬದ ದಿನಗಳಲ್ಲಿ ರಾತ್ರಿ 10ರವರೆಗೆ ದೊಡ್ಡ ಲಾರಿಗಳು ಓಡುವಂತಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ರವಿವಾರದ ಜೊತೆಗೆ ದಿನವೂ ರಾತ್ರಿ 10ರಿಂದ ಮುಂಜಾನೆ 5ರವರೆಗೆ ನಿಷೇಧ. ಶನಿವಾರ ಒಂದು ಪ್ರದರ್ಶನ ಮುಗಿಸಿ ಸೋಮವಾರ ಮತ್ತೊಂದರಲ್ಲಿ ಅಂಗಡಿ ತೆರೆಯುವೆನೆಂದವನ ಲೆಕ್ಕವು ದಾರಿಯಲ್ಲಿಯೇ ತಪ್ಪುತ್ತದೆ. ಜರ್ಮನಿ, ಸ್ವಿಟ್ಜರ್ಲೆಂಡ್, ಇಟಲಿ, ಬ್ರಿಟನ್ನುಗಳ ವಿದ್ಯುತ್ ಪ್ಲಗ್ಗುಗಳ ಆಕಾರವು ಒಂದರಂತೆ ಒಂದಿಲ್ಲ. ಮಳಿಗೆಗೆ ಹೊದಿಸುವ ಬಟ್ಟೆ, ಕಟ್ಟಿಗೆಗಳು ಬೇಗ ಬೆಂಕಿ ಹತ್ತದ ಜಾತಿಯವೆಂದು ತೋರಿಸುವ ಪ್ರಮಾಣಪತ್ರ ಬೇಕು. ಒಂದು ದೇಶದ ಪತ್ರವನ್ನು ಇನ್ನೊಂದು ದೇಶದವರು ಒಪ್ಪುವರೆಂಬ ಭರವಸೆಯಿಲ್ಲ. ಬಾಡಿಗೆಗೆ ಸಿಗುವುದು ಬಹಳ ಕಡೆ ಬರಿಯ ನೆಲ. ಗೋಡೆ, ಮೇಜು, ದೀಪ, ನೀರು, ಕಸ ತೆಗೆಯುವುದು ಎಲ್ಲಕ್ಕೂ ಬೇರೆ ಬೇರೆ ಹಣ. ಭಾಷೆಯ ಮಾತಂತೂ ಸರಿಯೇ ಸರಿ: ಒಕ್ಕೂಟಕ್ಕೆ 24 ಅಧಿಕೃತ ಭಾಷೆಗಳುಂಟು.

ಮನೆಯಿಂದ ಬುತ್ತಿ ಕಟ್ಟಿ ಕಳಿಸುವ ತಾಯಂದಿರಿಗೂ ಒಂದು ಮಾತು. ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿಗಳು ಮಗನನ್ನು ಕಾಪಾಡುವವು, ನಿಜ. ಆದರೆ ಹಾಲು, ತುಪ್ಪ ಮೊದಲಾದ ಹೈನಿನ ಪದಾರ್ಥಗಳನ್ನು ಹೊರದೇಶದಿಂದ ಪ್ರಯಾಣಿಕರು ತರುವುದನ್ನು ಯುರೋಪಿನ ಒಕ್ಕೂಟವು ನಿಷೇಧಿಸಿದೆ. ತುಪ್ಪದ ಡಬ್ಬಿ ವಿಮಾನ ನಿಲ್ದಾಣದ ಕಸದ ಬುಟ್ಟಿಯನ್ನು ಸೇರಬಾರದಾದರೆ ಅದನ್ನು ಮನೆಯಲ್ಲಿಯೇ ಇಟ್ಟುಕೊಳ್ಳುವುದು ಲೇಸು.

ತಿಥಿಯ ತೊಡಕು

ಜಾತ್ರೆಯ ವ್ಯಾಪಾರಿಯ ಅತಿ ದೊಡ್ಡ ಚಿಂತೆ ಯಾವುದೆಂದು ಕೇಳಿದರೆ ತಿಥಿಯೆಂದೇ ಹೇಳುವನು. ಪುಷ್ಯ ಮಾಸದ ಬನದ ಹುಣ್ಣಿವೆಗೆ ಎಲ್ಲಮ್ಮನ ಗುಡ್ಡದಲ್ಲಿ ಜನಸಾಗರ. ಅದೇ ಹುಣ್ಣಿವೆಗೆ ಬಾದಾಮಿಯ ಬನಶಂಕರಿಯ ಜಾತ್ರೆಯೂ ಮೊದಲಾಗುತ್ತದೆ. ನಾಟಕ ಕಂಪನಿಗಳಿಗೂ ಕಟ್ಟಿಗೆಯ ಬಾಗಿಲು ಚೌಕಟ್ಟುಗಳ ವ್ಯಾಪಾರಕ್ಕೂ ಅದು ಪ್ರಸಿದ್ಧ. ಬೆನ್ನ ಹಿಂದೆಯೇ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ. ಒಬ್ಬ ಬಳೆಗಾರನು ಏಕಕಾಲಕ್ಕೆ ಮೂರು ಕಡೆ ಇರಲಾರನು. ಅಣ್ಣನೊಂದು ಕಡೆ, ತಮ್ಮನೊಂದು ಕಡೆ, ಅಳಿಯನೊಂದು ಕಡೆ ಎಂದು ಮನೆತನವನ್ನೇ ಹಂಚಬೇಕಾಗುತ್ತದೆ. ಎಲ್ಲಮ್ಮನಲ್ಲಿ ಉಳಿದವನಿಗೆ ಮುಂದೆ ಮಾಘದ ಭಾರತ ಹುಣ್ಣಿವೆಯುಂಟು, ಚೈತ್ರದ ದವನದ ಹುಣ್ಣಿವೆಯುಂಟು. ಅಧಿಕ ಮಾಸ ಬಂದಿತೆಂದರೆ ಇಡೀ ಸರದಿಯೇ ಮುಂದೆ ಸರಿಯುತ್ತದೆ.

ಯುರೋಪಿನಲ್ಲಿಯೂ ಈ ಬಾಧೆ ತಪ್ಪಿಲ್ಲ. ಅಲ್ಲಿಯ ಈಸ್ಟರ್ ಹಬ್ಬವು ಚಂದ್ರನ ಗತಿಯನ್ನೇ ಹಿಡಿದು ಬರುವುದರಿಂದ ವರ್ಷವರ್ಷಕ್ಕೆ ಹಿಂದುಮುಂದಾಗುತ್ತದೆ. ಇಟಲಿ, ಫ್ರಾನ್ಸುಗಳಲ್ಲಿ ಆಗಸ್ಟ್ ತಿಂಗಳೆಂದರೆ ರಜೆಯ ಕಾಲ. ಆಗ ಪ್ರದರ್ಶನ ಹೂಡಿದರೆ ನೋಡುವವರಿಲ್ಲ. ಒಂದೇ ಸರಕಿನ ಪ್ರದರ್ಶನವನ್ನು ಎರಡು ನಗರಗಳು ಒಂದೇ ವಾರದಲ್ಲಿ ಹೂಡಿ ಇಬ್ಬರೂ ಕೈಸುಟ್ಟುಕೊಳ್ಳಬಹುದು. ಇಂಥ ಮೇಲಾಟಗಳ ಕಾಲದಲ್ಲಿಯೇ, 1925ರಲ್ಲಿ, 20 ಯುರೋಪಿನ ಪ್ರದರ್ಶನಗಳವರು ಮಿಲಾನಿನಲ್ಲಿ ಸೇರಿ ‘ಉಫಿ’ ಎಂಬ ಒಕ್ಕೂಟವನ್ನು ಕಟ್ಟಿಕೊಂಡರು. 1928ರ ಪ್ಯಾರಿಸ್ ಒಪ್ಪಂದವು ಜಾಗತಿಕ ಮಹಾಪ್ರದರ್ಶನಗಳು ಎಷ್ಟು ವರ್ಷಕ್ಕೊಮ್ಮೆ ನಡೆಯಬೇಕೆಂಬುದಕ್ಕೆ ಕಟ್ಟಳೆ ಹಾಕಿತು.

ಬೈಲಹೊಂಗಲದ ಹತ್ತಿಯವರಿಗೆ ಹತ್ತಿರವಾದ ಉದಾಹರಣೆ ‘ಇಟ್ಮಾ’ ಎಂಬ ಜವಳಿ ಯಂತ್ರಗಳ ಪ್ರದರ್ಶನ. 1951ರಲ್ಲಿ ಫ್ರಾನ್ಸಿನ ಲೀಲ್ ನಗರದಲ್ಲಿ ಮೊದಲಾದ ಇದು 4 ವರ್ಷಕ್ಕೊಮ್ಮೆ ಕೂಡುತ್ತದೆ. ಹ್ಯಾನೋವರ್, ಪ್ಯಾರಿಸ್, ಬರ್ಮಿಂಗ್‌ಹ್ಯಾಮ್, ಬಾರ್ಸಿಲೋನಾ, ಮಿಲಾನ್ ಹೀಗೆ ದೇಶದಿಂದ ದೇಶಕ್ಕೆ ಸಾಗುತ್ತದೆ. 2023ರಲ್ಲಿ ಅದು ಮಿಲಾನಿನಲ್ಲಿ ನಡೆಯಿತು. ಯಂತ್ರ ತಯಾರಕರ ಸಂಘಗಳು ಕೂಡಿ ಮಾಡುವ ಕಾರ್ಯವಿದು. ಪ್ರತಿವರ್ಷ ಪ್ರತಿದೇಶದಲ್ಲಿ ಪ್ರದರ್ಶನವಾದರೆ ಆನೆಯಂಥ ಯಂತ್ರಗಳನ್ನು ಸಾಗಿಸುವ ವೆಚ್ಚದಲ್ಲಿಯೇ ತಯಾರಕನು ಸೋಲುವನು. ನಮ್ಮ ಶಿರಸಿಯ ಮಾರಿಕಾಂಬೆಯ ಜಾತ್ರೆ 2 ವರ್ಷಕ್ಕೊಮ್ಮೆ ಕೂಡುವುದರಿಂದ ಅದರ ಮಹಿಮೆ ಕುಂದಿತೇ? ಅಂತರವಿದ್ದರೆ ಗಿರಾಕಿಗೆ ಆಸೆಯೂ ಹೆಚ್ಚು, ವ್ಯಾಪಾರಿಗೆ ಸಿದ್ಧತೆಯೂ ಹೆಚ್ಚು.

ಮಾದರಿ ಮತ್ತು ಮಾತು

ಜಾತ್ರೆಗೂ ಇಂದಿನ ಪ್ರದರ್ಶನಕ್ಕೂ ಒಂದು ಮೂಲಭೂತ ಭೇದವುಂಟು. ಜಾತ್ರೆಯಲ್ಲಿ ಸರಕು ಕೈಗೆ ಸಿಗುತ್ತದೆ. ಹಣ ಗಲ್ಲಾಪೆಟ್ಟಿಗೆಗೆ ಬೀಳುತ್ತದೆ. ಲೈಪ್‌ಜಿಗ್ ನಗರವು 1895ರಲ್ಲಿ ಈ ಪದ್ಧತಿಯನ್ನು ಬದಲಿಸಿತು. ಬಂಡಿಗಟ್ಟಲೆ ಸರಕು ತರುವ ಬದಲು ಮಾದರಿಗಳನ್ನಷ್ಟೇ ಇಟ್ಟು ತೋರಿಸುವುದು, ಕೊಳ್ಳುವವರು ಅವನ್ನು ನೋಡಿ ಬೇಡಿಕೆ ಬರೆಸುವುದು, ಸರಕನ್ನು ಆಮೇಲೆ ಕಳಿಸುವುದು. ಇದೇ ಇಂದಿನ ಪ್ರದರ್ಶನಗಳ ರೀತಿಯಾಯಿತು. ಆದುದರಿಂದ ಅಲ್ಲಿ ಮಾರಾಟವಾಗುವುದು ಬಟ್ಟೆಯಲ್ಲ, ಮಾತು. ತೋರಿಸಿದ ಮಾದರಿಯಂತೆಯೇ ಸಾವಿರ ಮೊಳವನ್ನೂ ನೇಯ್ದು ಹೇಳಿದ ದಿನಕ್ಕೆ ಕಳಿಸುವೆನೆಂಬ ಮಾತು.

“ಸಂತೆ ಹೊತ್ತಿಗೆ ಮೂರು ಮೊಳ ನೇಯ್ದ” ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಮಾಡಲಿಲ್ಲ. ಪರದೇಶದ ಗಿರಾಕಿಯು ಒಂದು ಸಾರೆ ಕಾಯುವನು, ಎರಡನೆಯ ಸಾರೆ ಬೇರೆಯವರ ಮಳಿಗೆಗೆ ಹೋಗುವನು. ಮೊದಲ ಥಾನಿನ ಬಣ್ಣವೊಂದು, ಹತ್ತನೆಯದರ ಬಣ್ಣವೊಂದು ಆದರೆ ಸರಕು ಮರಳಿ ಬರುವುದು; ಬಂಗಾರದ ಒತ್ತೆ ಬಿಡದೆ ಹೋಗುವುದು.

ಈ ಮಾತಿಗೆ ನಮ್ಮ ಸೀಮೆಯ ಚರಿತ್ರೆಯೇ ಸಾಕ್ಷಿ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದಾಯಿತು. ಧಾರವಾಡ ಬೆಳಗಾವಿಗಳ ಎರೆಹೊಲದ ಹತ್ತಿಗೆ ಚಿನ್ನದ ಬೆಲೆ ಬಂದಿತು. ಕುಮಟೆಯ ಬಂದರಿನಿಂದ ಹೋಗುತ್ತಿದ್ದ ನಮ್ಮ ದೇಶಿ ಹತ್ತಿಗೆ ‘ಕುಂಪ್ಟಾ’ ಎಂಬ ಹೆಸರೇ ಪರದೇಶದಲ್ಲಿ ನಿಂತಿತು. ಆದರೆ ಬೆಲೆ ಏರಿದಂತೆ ಕಲಬೆರಕೆಯೂ ಏರಿತು. ಅರಳೆಯಲ್ಲಿ ಬೀಜ, ಮಣ್ಣು, ಕಸಗಳನ್ನು ಬೆರೆಸುವ ದುಷ್ಟ ಚಾಳಿ ಎಷ್ಟರ ಮಟ್ಟಿಗೆ ಬೆಳೆಯಿತೆಂದರೆ, ಅದನ್ನು ತಡೆಯಲೆಂದೇ ಮುಂಬಯಿ ಸರಕಾರವು 1863ರಲ್ಲಿ ಪ್ರತ್ಯೇಕ ಕಾಯಿದೆಯನ್ನು ಮಾಡಬೇಕಾಯಿತು. ಯುದ್ಧ ಮುಗಿದು ಅಮೆರಿಕದ ಹತ್ತಿ ಮತ್ತೆ ಬಂದೊಡನೆ ನಮ್ಮ ಹತ್ತಿಯ ಬೆಲೆ ಕುಸಿಯಿತು. ಬೆವರು ಸುರಿಸಿದ ರೈತನು ಮಾಡದ ತಪ್ಪಿಗೂ ಅವನ ಊರಿನ ಹೆಸರೇ ಕೆಟ್ಟಿತು.

ಇಂದಿನ ಪರೀಕ್ಷೆಗಳು ಇನ್ನೂ ಸೂಕ್ಷ್ಮವಾದವು. ಮೈಗೆ ಹಾನಿಕರವಾದ ಕೆಲವು ‘ಅಜೋ’ ಜಾತಿಯ ಬಣ್ಣಗಳನ್ನು 1990ರ ದಶಕದಲ್ಲಿ ಜರ್ಮನಿಯು ನಿಷೇಧಿಸಿತು. ಅದೇ ದಶಕದಲ್ಲಿ ಭಾರತವೂ, 2002ರಲ್ಲಿ ಯುರೋಪಿನ ಒಕ್ಕೂಟವೂ ಅದನ್ನು ಅನುಸರಿಸಿದವು. ಆದಕಾರಣ ನೇಕಾರನಿಗೆ ತನ್ನ ನೂಲಿಗೆ ಬಣ್ಣ ಹಾಕಿದವನು ಯಾರು, ಯಾವ ಬಣ್ಣ ಹಾಕಿದನು ಎಂಬುದು ತಿಳಿದಿರಬೇಕು; ಪ್ರಯೋಗಶಾಲೆಯ ಪತ್ರ ಕೈಯಲ್ಲಿರಬೇಕು. ಬಟ್ಟೆಯಲ್ಲಿ ಯಾವ ನೂಲು ನೂರಕ್ಕೆ ಎಷ್ಟಿದೆ ಎಂಬ ಚೀಟಿಯನ್ನು ಅದು ಮಾರಾಟವಾಗುವ ದೇಶದ ಭಾಷೆಯಲ್ಲಿಯೇ ಅಂಟಿಸಬೇಕು. ಕಾಯಕದಲ್ಲಿ ಶುದ್ಧಿ ಬೇಕೆಂದು ಶರಣರು ಕಲಿಸಿದರು. ಆ ಶುದ್ಧಿಗೆ ಈಗ ಕಾಗದದ ಸಾಕ್ಷಿಯೂ ಬೇಕಾಗಿದೆ, ಅಷ್ಟೆ.

ಕೂಡಿ ಹೋಗುವ ದಾರಿ

ಹಾಗಾದರೆ ಬಡ ನೇಕಾರನು ಹೋಗಲೇಬಾರದೇ ಎಂದು ಯಾರಾದರೂ ಕೇಳಬಹುದು. ಹೋಗಬೇಕು, ಆದರೆ ಒಬ್ಬನೇ ಹೋಗಬಾರದು. ಅಯ್ಯಾವೊಳೆಯ ವರ್ತಕರು ಸಂಘವಾಗಿ ಹೋದುದರಿಂದಲೇ ಸಮುದ್ರ ದಾಟಿದರು. ಇಂದು ದಿಲ್ಲಿಯ ಭಾರತ ವ್ಯಾಪಾರ ಉತ್ತೇಜನ ಸಂಸ್ಥೆ, ಚೆನ್ನೈಯಲ್ಲಿ ಕೇಂದ್ರ ಕಚೇರಿಯುಳ್ಳ ಕೈಮಗ್ಗ ರಫ್ತು ಉತ್ತೇಜನ ಮಂಡಳಿ, ಬೆಂಗಳೂರಿನ ವಿಶ್ವೇಶ್ವರಯ್ಯ ವ್ಯಾಪಾರ ಉತ್ತೇಜನ ಕೇಂದ್ರ ಇವು ಪರದೇಶದ ಪ್ರದರ್ಶನಗಳಿಗೆ ಹೋಗುವವರಿಗೆ ನೆರವಾಗಲೆಂದೇ ಇರುವ ಸಂಸ್ಥೆಗಳು. ಹತ್ತು ಮಂದಿ ನೇಕಾರರ ಸಹಕಾರ ಸಂಘವು ಒಂದೇ ಮಳಿಗೆ ಹಿಡಿದು, ಇಬ್ಬರನ್ನು ಕಳಿಸಿ, ಹತ್ತು ಮಗ್ಗಗಳ ಮಾದರಿಯನ್ನೂ ಇರಿಸಿದರೆ ಖರ್ಚು ಹಂಚಿಹೋಗುತ್ತದೆ. ಬೇಡಿಕೆ ದೊಡ್ಡದು ಬಂದರೂ ಪೂರೈಸಲು ಕೈಗಳಿರುತ್ತವೆ.

ಹೊರಡುವ ಮೊದಲು ಮನೆಯವರೆಲ್ಲ ಕೂಡಿ ಲೆಕ್ಕ ಹಾಕಬೇಕಾದ ಮೂರು ವಿಷಯಗಳುಂಟು. ಮೊದಲ ವರ್ಷ ಒಂದೂ ಬೇಡಿಕೆ ಬಾರದಿದ್ದರೆ ಮನೆ ತಡೆದುಕೊಳ್ಳಬಲ್ಲುದೇ? ಬೇಡಿಕೆ ಬಂದರೆ ನೂಲಿಗೆ, ಕೂಲಿಗೆ ಬೇಕಾದ ಮುಂಗಡ ಎಲ್ಲಿಂದ ಬರುವುದು? ಹಣ ಬರಲು ಮೂರು ನಾಲ್ಕು ತಿಂಗಳು ತಡವಾದರೆ ಸಾಲದ ಬಡ್ಡಿಯನ್ನು ಕಟ್ಟುವವರು ಯಾರು? ಈ ಮೂರಕ್ಕೂ ಉತ್ತರ ದೊರೆತ ಮೇಲೆಯೇ ಬಂಗಾರದ ಪೆಟ್ಟಿಗೆಯ ಬೀಗ ತೆರೆಯುವುದು ಕ್ಷೇಮ. ಮನೆಯ ಲೆಕ್ಕವನ್ನು ಬಲ್ಲ ಹೆಣ್ಣುಮಕ್ಕಳ ಮಾತನ್ನು ಈ ಸಂದರ್ಭದಲ್ಲಿ ಮೊದಲು ಕೇಳತಕ್ಕುದು.

ಮೊದಲನೆಯ ಹೆಜ್ಜೆಯನ್ನು ಹತ್ತಿರದಲ್ಲಿಯೇ ಇಡಬಹುದು. ಕಿತ್ತೂರು ಉತ್ಸವ, ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೃಷಿಮೇಳ, 1880ರಲ್ಲಿ ಆರಂಭವಾದ ಮೈಸೂರು ದಸರಾ ವಸ್ತುಪ್ರದರ್ಶನ ಇವು ನಮ್ಮ ಅಂಗಳದ ಪಾಠಶಾಲೆಗಳು. ಅಪರಿಚಿತ ಗಿರಾಕಿಯ ಎದುರು ನಿಂತು ತನ್ನ ಸರಕಿನ ಗುಣವನ್ನು ನಾಲ್ಕು ಮಾತಿನಲ್ಲಿ ಹೇಳಲು, ಬರೆದ ದರಕ್ಕೆ ನಿಲ್ಲಲು, ಬಂದವರ ವಿಳಾಸವನ್ನು ಬರೆದಿಟ್ಟುಕೊಂಡು ಆಮೇಲೆ ತಪ್ಪದೆ ಪತ್ರ ವ್ಯವಹಾರ ಮಾಡಲು ಇಲ್ಲಿ ಕಲಿತವನು ಫ್ರಾಂಕ್‌ಫರ್ಟಿನಲ್ಲಿ ತೊದಲುವುದಿಲ್ಲ.

ಆತಿಥೇಯರ ಹೊಣೆ

ಇಷ್ಟು ಹೊತ್ತು ವ್ಯಾಪಾರಿಯ ಕರ್ತವ್ಯವನ್ನು ಹೇಳಿದ್ದಾಯಿತು. ಜಾತ್ರೆ ಕೂಡಿಸುವವರ ಕರ್ತವ್ಯವನ್ನೂ ಹೇಳದಿದ್ದರೆ ಈ ಬರಹ ಅರ್ಧವಾದೀತು. ಯುರೋಪಿನ ಪ್ರದರ್ಶನದಲ್ಲಿ ಬಾಡಿಗೆ ಹೆಚ್ಚು, ನಿಯಮ ಹೆಚ್ಚು. ಆದರೆ ಕಟ್ಟಿದ ಹಣಕ್ಕೆ ಯಾವ ಜಾಗ, ಎಷ್ಟು ಅಡಿ, ಎಷ್ಟು ಬೆಳಕು ಎಂಬುದು ತಿಂಗಳುಗಟ್ಟಲೆ ಮೊದಲೇ ಬರಹದಲ್ಲಿರುತ್ತದೆ. ನಮ್ಮ ಎಷ್ಟೋ ಜಾತ್ರೆಗಳಲ್ಲಿ ಜಾಗದ ಲಿಲಾವು ಹಿಡಿದ ಗುತ್ತಿಗೆದಾರನು ಬಂದ ದಿನ ಹೇಳಿದ್ದೇ ದರ. ಹಳ್ಳಿಯಿಂದ ಬಂದ ಬಳೆಗಾರ್ತಿಗೆ ಕುಡಿಯುವ ನೀರಿಲ್ಲ, ಶೌಚಕ್ಕೆ ಮರೆಯಿಲ್ಲ, ಮಳೆ ಬಂದರೆ ತಗಡಿನ ಆಸರೆಯಿಲ್ಲ. ಜಂಗಮ ಭಕ್ತರಿಗೆ ದಾಸೋಹ ನಡೆಸುವ ನಾವು ಜಾತ್ರೆಗೆ ಕಳೆ ತಂದ ಈ ಕಾಯಕ ಜೀವಿಗಳನ್ನು ಮರೆಯುವುದು ಸಲ್ಲದು.

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದ ಸೀಮೆಯಲ್ಲಿ ಮನೆಗಳಿಗೆ ನುಗ್ಗಿದಾಗ ನೇಕಾರರ ಮಗ್ಗಗಳು ಕೆಸರಿನಲ್ಲಿ ಹೂತವು. ಅದರ ಗಾಯ ಮಾಯುವ ಮೊದಲೇ 2020ರ ಮಾರ್ಚಿನಲ್ಲಿ ಮಹಾಮಾರಿಯಿಂದ ದೇವಸ್ಥಾನಗಳ ಬಾಗಿಲು ಮುಚ್ಚಿದವು. ತಿಂಗಳುಗಳ ಕಾಲ ಜಾತ್ರೆಗಳು ಕೂಡಲಿಲ್ಲ. ಯುರೋಪಿನ ದೊಡ್ಡ ದೊಡ್ಡ ಪ್ರದರ್ಶನಗಳೂ ಆ ವರ್ಷ ರದ್ದಾದವು. ಅಲ್ಲಿಯ ವ್ಯಾಪಾರಿಗೆ ವಿಮೆಯ ಆಸರೆಯಾದರೂ ಇರಬಹುದು. ನಮ್ಮ ಬೆಂಡು ಬತ್ತಾಸಿನವನಿಗೆ ಉದ್ದರಿಯ ಹೊರತು ಬೇರೆ ಆಸರೆ ಇರಲಿಲ್ಲ. ಜಾತ್ರಾ ಸಮಿತಿಗಳು, ಮಠಗಳು, ಪೇಟೆಯ ಸಂಘಗಳು ಕೂಡಿ ಜಾತ್ರೆಯ ವ್ಯಾಪಾರಿಗಳ ಹೆಸರನ್ನು ಬರೆದುಕೊಂಡು, ಜಾಗದ ದರವನ್ನು ಫಲಕದಲ್ಲಿ ಮುಂಚಿತವಾಗಿ ಪ್ರಕಟಿಸಿ, ವರ್ಷಕ್ಕಿಷ್ಟು ಹಣವನ್ನು ಆಪತ್ತಿನ ನಿಧಿಗೆ ಕೂಡಿಡುವುದು ದೊಡ್ಡ ಕೆಲಸವೇನಲ್ಲ. ನೆರೆಯ ಜಾತ್ರೆಗಳವರು ವರ್ಷಕ್ಕೊಮ್ಮೆ ಕುಳಿತು ಮಾತಾಡಿದರೆ, ಹುಣ್ಣಿವೆಯನ್ನು ಸರಿಸಲಾಗದಿದ್ದರೂ ಪೇಟೆಯ ದಿನಗಳನ್ನಾದರೂ ಹೊಂದಿಸಬಹುದು.

ಶಾಂಪೇನಿನ ದೊರೆಗಳು ಕೊಟ್ಟುದು ಅಭಯ; ವರ್ತಕರು ಕೊಟ್ಟುದು ಮಾತು. ಇವೆರಡು ಇದ್ದಷ್ಟು ಕಾಲ ಅಲ್ಲಿಯ ಜಾತ್ರೆ ಬಾಳಿತು. ಎಲ್ಲಮ್ಮನ ಗುಡ್ಡದ ಬಳೆಯ ಅಂಗಡಿಗೂ ಫ್ರಾಂಕ್‌ಫರ್ಟಿನ ಗಾಜಿನ ಮಳಿಗೆಗೂ ಇದೇ ನೇಮ. ನಮ್ಮ ತರುಣರು ಧೈರ್ಯವಾಗಿ ಹೋಗಲಿ, ಲೆಕ್ಕ ಹಾಕಿ ಹೋಗಲಿ, ಕೂಡಿ ಹೋಗಲಿ. ಅವರು ಅಲ್ಲಿ ಬಿಡಿಸಿ ತೋರಿಸುವ ಒಂದೊಂದು ಮೊಳ ಬಟ್ಟೆಯೂ ಅದನ್ನು ನೇಯ್ದ ಊರಿನ ಹೆಸರನ್ನು ಉಳಿಸುವಂತಿರಲಿ.